ಸುನಿಮ್ ಅಜ್ಜಿಯ ಬಿಸಿಮೂಲೆ

ಬೊಂಗ್ ಸುನಿಮ್ ಅಜ್ಜಿಯ ಮನೆಗೆ ಮೊದಲ ಸಲ ಹೋದ ದಿನ ನಾನು ಅವರ ಸೋಯಾಕಾಳಿಗೆ ಅಡ್ಡಬಿದ್ದೆ. ಇದನ್ನು ಅಜ್ಜಿ ಈಗಾಗಲೇ ತೇಬೆಕ್ ಪೇಟೆಯ ಉದ್ದಗಲಕ್ಕೂ ಹೇಳಿ ಮುಗಿಸಿರುವುದರಿಂದ, ನಾನು ಮುಚ್ಚಿಟ್ಟು ಉಳಿಸಿಕೊಳ್ಳುವ ಮಾನವೇನೂ ಬಾಕಿ ಇಲ್ಲ.

ಬಾಯ್ಲರ್ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿ ಆಗ ಎರಡು ತಿಂಗಳು. ಮನೆಮನೆಗೆ ಹೋಗಿ ಕೋಣೆ ಅಳೆದು, ನೆಲ ಕಾಯಿಸುವುದಕ್ಕೆ ಯಾವ ಬಾಯ್ಲರ್ ಸರಿ ಎಂದು ಹೇಳುವುದು ನನ್ನ ಕೆಲಸ. ಬಾಯ್ಲರ್ ಎಂದರೆ ಗೋಡೆಗೆ ನೇತುಹಾಕುವ ಬಿಳಿ ಪೆಟ್ಟಿಗೆ ಎನ್ನುವಷ್ಟು ನನಗೆ ಗೊತ್ತಿತ್ತು. ಉಳಿದದ್ದೆಲ್ಲ ನನ್ನ ಚೀಲದಲ್ಲಿದ್ದ ಬಣ್ಣದ ಹಾಳೆಗಳಿಗೆ ಗೊತ್ತಿತ್ತು. ಹಳೇ ಗಣಿ ಕಾರ್ಮಿಕರ ಸಾಲುಮನೆಗಳ ಏರಿನಲ್ಲಿ ಅಜ್ಜಿಯದು ಕಟ್ಟಕಡೆಯ ಮನೆ. "ಮನೇಲಿ ಕಾಯಿಲೆಯ ಹಿರಿಯರಿದ್ದಾರೆ, ಮರ್ಯಾದೆಯಿಂದ ನಡ್ಕೋ" ಎಂದು ನಮ್ಮ ಯಜಮಾನರು ಹೇಳಿ ಕಳಿಸಿದ್ದರು.

ಬಾಗಿಲು ತೆರೆದೇ ಇತ್ತು. ಕೂಗಿದೆ, ಯಾರೂ ಓಗೊಡಲಿಲ್ಲ. ಬೂಟು ಕಳಚಿ ಒಳಗೆ ಕಾಲಿಟ್ಟರೆ ಮೂರು ದಿನ ತೊಳೆಯದ ಕಾಲುಚೀಲದಂಥ ವಾಸನೆ. ಮೂಲೆಯಲ್ಲಿ ಎರಡು ದಪ್ಪ ರಜಾಯಿ ಹೊದ್ದು ಯಾರೋ ಮುದುರಿ ಮಲಗಿದ್ದರು. ಕಾಯಿಲೆಯ ಹಿರಿಯರು! ಹಾಸಿಗೆ ಹಿಡಿದವರಿಗೆ ಸ್ನಾನವಾದರೂ ಎಲ್ಲಿಂದ ಬರಬೇಕು, ಪಾಪ, ಎಂದುಕೊಂಡೆ. ಟೋಪಿ ತೆಗೆದೆ. ಮಂಡಿಯೂರಿ, ಎರಡೂ ಅಂಗೈ ನೆಲಕ್ಕಿಟ್ಟು, ಹಣೆ ತಾಗಿಸಿ, ಹೊಸವರ್ಷದ ದಿನ ಮಾಡುವಂಥ ಪೂರ್ತಿ ನಮಸ್ಕಾರ ಮಾಡಿದೆ. "ಏಳಬೇಡಿ ಅಜ್ಜಾ, ಮಲಗೇ ಇರಿ" ಎಂದು ಪಿಸುಗುಟ್ಟಿದೆ. ಜಾರಿದ್ದ ರಜಾಯಿಯ ಅಂಚನ್ನು ಮೆತ್ತಗೆ ಒಳಗೆ ಸೇರಿಸಿದೆ ಕೂಡ.

ಬೆನ್ನ ಹಿಂದೆ ಕೆಮ್ಮೂ ನಗುವೂ ಕಲಸಿಹೋದ ಸದ್ದಾಯಿತು. ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು, ಕೈಯಲ್ಲೊಂದು ಪುಟ್ಟ ಸಿಲಿಂಡರ್ ಹಿಡಿದ ಮುದುಕರೊಬ್ಬರು ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದರು.

"ಮಲಗಿದವ್ರಿಗೆ ಅಡ್ಡಬೀಳಬಾರ್ದು ಕಣೋ ತಮ್ಮಾ, ಸತ್ತವ್ರಿಗೆ ಮಾತ್ರ. ನಿಮ್ಮಮ್ಮ ಹೇಳ್ಕೊಡ್ಲಿಲ್ವಾ? ಅಲ್ದೆ ಅವ್ರು ಈಗ ಮಾತಾಡಲ್ಲ. ಇನ್ನೆರಡು ದಿನ ಹೋಗ್ಲಿ, ಆಮೇಲೆ ನೂಲು ಬಿಡ್ತಾರೆ."

ಅವರ ಹಿಂದಿನಿಂದ ಬಂದ ಸುನಿಮ್ ಅಜ್ಜಿ ರಜಾಯಿ ಎತ್ತಿ ತೋರಿಸಿದರು. ಒಂದು ಬಿದಿರು ಬುಟ್ಟಿ. ಅದರೊಳಗೆ ಬಟ್ಟೆ, ಬಟ್ಟೆಯೊಳಗೆ ಬೆಂದ ಸೋಯಾಕಾಳು, ನಡುನಡುವೆ ಸಿಕ್ಕಿಸಿದ ಭತ್ತದ ಹುಲ್ಲು.

"ಪರ್ವಾಗಿಲ್ಲ ಬಿಡು," ಅಂದರು ಅಜ್ಜಿ. "ಈ ಮನೇಲಿ ದುಡಿದು ಹಾಕ್ತಿರೋದು ಅದೇ. ನಮಸ್ಕಾರ ಸರಿಯಾದ ಕಡೆಗೇ ಬಿದ್ದಿದೆ."

ಸುನಿಮ್ ಅಜ್ಜಿ ಇಪ್ಪತ್ತೊಂದನೇ ವಯಸ್ಸಿಗೆ ಮದುವೆಯಾಗಿ ಈ ಏರು ಹತ್ತಿದವರು. ಗಂಡ ಮೆಂಗ್ ಗ್ಯುಸಿಕ್ ಗಣಿಯೊಳಗೆ ಕಲ್ಲಿದ್ದಲು ಅಗೆಯುತ್ತಿದ್ದರು; ಅದೇ ಕಲ್ಲಿದ್ದಲು ತೂತುತೂತಿನ ಬಿಲ್ಲೆಯಾಗಿ ಮನೆಗೆ ಬಂದು ಇವರ ನೆಲ ಕಾಯಿಸುತ್ತಿತ್ತು. ನೆಲದಡಿ ಕೊಳವೆ ಹೂತು ಬಿಸಿನೀರು ಹರಿಸುವ ಬಾಯ್ಲರನ್ನು ಗ್ಯುಸಿಕ್ ಅಜ್ಜ ತಾವೇ ರಜೆಯ ದಿನಗಳಲ್ಲಿ ಕೂಡಿಸಿದರು. ಅದಾದ ಎರಡು ವರ್ಷಕ್ಕೆ ಗಣಿ ಮುಚ್ಚಿತು. ಓಣಿಯ ಗಂಡಸರೆಲ್ಲ ಕಾರ್ಖಾನೆಗಳ ಕೆಲಸ ಹುಡುಕಿ ಹೊರಟರು. ಅಜ್ಜನೂ ಹೊರಟರು, ಎದೆಯ ಎಕ್ಸ್‌ರೇ ನೋಡಿದ ಕಾರ್ಖಾನೆಯವರು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಇಪ್ಪತ್ತು ವರ್ಷದ ಗಣಿಧೂಳು ಒಳಗೆ ಕೂತಿತ್ತು. ಮಗಳಿಗೆ ಆಗ ಒಂಬತ್ತು ವರ್ಷ.

ಆ ಚಳಿಗಾಲ ಅಜ್ಜಿ ಮನೆಗೆಂದು ಒಂದು ಬುಟ್ಟಿ ಚೊಂಗುಕ್‌ಜಾಂಗ್ ಹಾಕಿದರು. ಬೇಯಿಸಿದ ಸೋಯಾಕಾಳನ್ನು ಬೆಚ್ಚಗೆ ಹೊದಿಸಿ ಎರಡು ಮೂರು ದಿನ ಹುದುಗಿಸಿದರೆ, ಸೌಟಿನಲ್ಲಿ ಎತ್ತುವಾಗ ಎಳೆಎಳೆಯಾಗಿ ನೂಲು ಬರಬೇಕು. ಬಂದರೆ ಸಾರಿಗೆ, ಬರದಿದ್ದರೆ ತಿಪ್ಪೆಗೆ. ನಡುವೆ ಬೇರೆ ದಾರಿಯಿಲ್ಲ. ಓಣಿಯ ಉಳಿದ ಮನೆಗಳಲ್ಲಿ ಒಂದು ಸಲ ಬಂದರೆ ಇನ್ನೊಂದು ಸಲ ಇಲ್ಲ. ಅಜ್ಜಿಯ ಬುಟ್ಟಿ ಮಾತ್ರ ಒಮ್ಮೆಯೂ ಕೈಕೊಡಲಿಲ್ಲ. ಕಾರಣ, ಮಲಗುವ ಕೋಣೆಯ ಆ ಒಂದು ಮೂಲೆ. ಬರಿಗಾಲಲ್ಲಿ ಒಂದು ಗಳಿಗೆ ಹೆಚ್ಚು ನಿಂತರೆ ಕುಣಿಯಬೇಕು, ಹಾಗೆ ಕಾಯುತ್ತಿತ್ತು. ಮೊದಲು ಪಕ್ಕದ ಮನೆಯವರು ಕೇಳಿದರು, ಆಮೇಲೆ ಪೇಟೆಯ ಒಂದು ಊಟದ ಅಂಗಡಿ, ಆಮೇಲೆ ಮೂರು. ಮಗಳ ಓದು, ಅವಳು ಕೆಳಗಿನ ಪೇಟೆಯಲ್ಲಿ ಇಟ್ಟಿರುವ ಕೂದಲು ಕತ್ತರಿಸುವ ಅಂಗಡಿ, ಅಜ್ಜನ ಮಾತ್ರೆ, ಎಲ್ಲ ಎದ್ದು ಬಂದದ್ದು ಆ ಮೂಲೆಯಿಂದ. ಹಬ್ಬದ ಅಡುಗೆಯ ಮೊದಲ ಬಟ್ಟಲನ್ನು ಅಜ್ಜಿ ಅಲ್ಲಿಟ್ಟು, ಅಂಗೈಗೆ ಅಂಗೈ ಉಜ್ಜಿ ಬೇಡಿಕೊಳ್ಳುತ್ತಿದ್ದರು. ಅಲ್ಲಿ ಭೂಮಿಯ ಕೃಪೆ ಇದೆಯೆಂದು ಅವರ ನಂಬಿಕೆ.

ನಾನು ಕೆಲಸಕ್ಕೆ ಸೇರಿದ ವರ್ಷ ಎಲೆ ಉದುರುವ ಹೊತ್ತಿಗೆ ಅಜ್ಜ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಕಲ್ಲಿದ್ದಲ ಹೊಗೆ ಇರುವ ಮನೆಯಲ್ಲಿ ಇವರನ್ನು ಇನ್ನು ಮಲಗಿಸುವಂತಿಲ್ಲ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದರು. ಅಲ್ಲಿಂದಾಚೆ ಅಜ್ಜ ಮಗಳ ಮನೆಯಲ್ಲಿ ಮಲಗುವುದು, ಹಗಲು ಹೆಂಡತಿಯ ಕೈಯಡುಗೆ ಉಣ್ಣಲು ಏರು ಹತ್ತಿ ಬರುವುದು. ಐವತ್ತು ವರ್ಷ ಒಂದೇ ಚಾಪೆಯಲ್ಲಿ ಮಲಗಿದವರು ಹೀಗೆ ನೆಂಟರ ಹಾಗೆ ಬಂದು ಹೋಗುವುದನ್ನು ಅಜ್ಜಿ ಒಂದು ವಾರ ನೋಡಿದರು. ಎಂಟನೇ ದಿನ ನಮ್ಮ ಅಂಗಡಿಗೆ ಫೋನು ಮಾಡಿದರು.

ಹಾಗೆ ಬಂದವನು ನಾನು. ಕಾಳಿಗೆ ನಮಸ್ಕಾರ ಮುಗಿಸಿ, ಕಿವಿ ಕೆಂಪಾಗಿಸಿಕೊಂಡು, ಹಾಳೆಗಳನ್ನು ನೆಲದ ಮೇಲೆ ಹರಡಿದೆ.

"ಇದು ಸಾಧಾರಣ ಗ್ಯಾಸ್ ಬಾಯ್ಲರ್ ಅಜ್ಜಿ. ಇದು ಕಂಡೆನ್ಸಿಂಗ್. ಸಾಧಾರಣದ್ದು ಹೊಗೆ ಜೊತೆ ಬಿಸೀನೂ ಆಚೆ ಬಿಡುತ್ತೆ. ಇದು ಹಾಗಲ್ಲ, ಹೊಗೆಯಿಂದ್ಲೂ ಬಿಸಿ ಹಿಂಡ್ಕೊಂಡು ವಾಪಸ್ ನೆಲಕ್ಕೇ ಕೊಡುತ್ತೆ. ನೂರಕ್ಕೆ ತೊಂಬತ್ತೆರಡು ಪಾಲು ಮನೆಯೊಳಗೇ."

"ಉಳಿದ ಎಂಟು ಎಲ್ಲಿಗೆ ಹೋಗುತ್ತೆ?"

ಆ ಎಂಟರ ಬಗ್ಗೆ ಹಾಳೆಯಲ್ಲಿ ಏನೂ ಇರಲಿಲ್ಲ.

"ಬೆಂಕಿ ಸದಾ ಉರೀತಿರುತ್ತಾ?"

"ಇಲ್ಲ ಅಜ್ಜಿ. ಬೇಕಾದಾಗ ತಾನೇ ಹತ್ತುತ್ತೆ, ಸಾಕಾದಾಗ ತಾನೇ ಆರುತ್ತೆ."

"ತಾನೇ ಆರುತ್ತಾ!" ಅಜ್ಜಿ ಗಂಡನ ಕಡೆ ತಿರುಗಿದರು. "ರೀ, ಕೇಳಿದ್ರಾ? ಮೂವತ್ನಾಲ್ಕು ವರ್ಷ ಬೆಳಗ್ಗೆ ಸಂಜೆ ಬಿಲ್ಲೆ ಬದಲಾಯಿಸಿ ಬೆಂಕಿ ಆರದ ಹಾಗೆ ನೋಡ್ಕೊಂಡೆ. ಒಂದು ದಿನ ಆರಿದ್ರೆ ಸೊಸೆಗೆ ಕೈಗುಣ ಇಲ್ಲ ಅಂತ ನಿಮ್ಮಮ್ಮ ಊಟ ಬಿಡ್ತಿದ್ರು. ಈಗ ನೋಡಿದ್ರೆ ತಾನೇ ಆರೋ ಬೆಂಕಿಗೆ ತೊಂಬತ್ತೆರಡು ಅಂಕ ಅಂತೆ."

"ನಿಂಗೆ ಅಮ್ಮ ನಲವತ್ತೂ ಕೊಡ್ಲಿಲ್ಲ," ಅಂದರು ಅಜ್ಜ.

"ಅದಿರ್ಲಿ." ಅಜ್ಜಿ ನನ್ನ ಹಾಳೆಯನ್ನು ಬದಿಗೆ ಸರಿಸಿದರು. "ಇದನ್ನ ಹಾಕಿದ್ರೆ ಕಾಳು ನೂಲು ಬಿಡುತ್ತಾ? ಅದೊಂದು ಹೇಳು."

ಹಾಳೆಯಲ್ಲಿ ತೂಕವಿತ್ತು, ಅಗಲವಿತ್ತು, 'ಡೆಸಿಬಲ್' ಎಂಬುದೂ ಇತ್ತು. ಕಾಳಿನ ಕಾಲಂ ಇರಲಿಲ್ಲ. ಗೊತ್ತಿಲ್ಲ ಎನ್ನಬೇಕಿತ್ತು. "ಖಂಡಿತ ಬಿಡುತ್ತೆ ಅಜ್ಜಿ" ಅಂದೆ.

ಮರುದಿನ ನಮ್ಮ ಯಜಮಾನರು ತಾಕ್ ಚುನ್ಬೊ ಖುದ್ದಾಗಿ ಬಂದರು. ದಾರಿಯುದ್ದಕ್ಕೂ ನನಗೆ ಬೈಗುಳ. "ಗೊತ್ತಿಲ್ಲ ಅನ್ನೋ ಒಂದು ಮಾತು ನಿನ್ನ ಬಾಯಲ್ಲಿ ಹಿಡಿಸಲ್ವೇನೋ? ಅತ್ತಿಗೆಯ ಇಡೀ ಬದುಕು ಆ ಬುಟ್ಟಿ ಮೇಲೆ ನಿಂತಿದೆ." ತಾಕ್ ಕೂಡ ಅದೇ ಗಣಿಯಲ್ಲಿದ್ದವರು, ಅಜ್ಜನನ್ನು ಅಣ್ಣ ಎಂದೇ ಕರೆಯುವವರು. ಹದಿನೆಂಟನೇ ವಯಸ್ಸಿಗೆ ಮೊದಲ ಸಲ ಕೆಳಗಿಳಿಯುವಾಗ ತೊಟ್ಟಿಲಿನಂಥ ಆ ಲಿಫ್ಟಿನಲ್ಲಿ ಅಳು ಬಂದಿತ್ತಂತೆ. ಹಿಂದೆ ನಿಂತಿದ್ದ ಗ್ಯುಸಿಕ್ ತಳ ಮುಟ್ಟುವವರೆಗೆ ಅವರ ಬೆನ್ನ ಮೇಲೆ ಕೈಯಿಟ್ಟಿದ್ದರಂತೆ. ಇಂಥದನ್ನು ತಾಕ್ ನಮಗೆ ಹೇಳುವವರಲ್ಲ. ಏರು ಹತ್ತಿ ಉಸಿರು ಕಟ್ಟಿದಾಗ ಬಾಯಿ ಜಾರಿತು.

ತಾಕ್ ಸತ್ಯವನ್ನೇ ಹೇಳಿದರು. "ಅತ್ತಿಗೆ, ಹಳೇ ಬಾಯ್ಲರು ನೀರನ್ನ ಹೆಚ್ಚುಕಮ್ಮಿ ಕುದಿಸಿ ನೂಕ್ತಿತ್ತು. ಕಂಡೆನ್ಸಿಂಗು ಹದವಾಗಿ ಕಾಯಿಸುತ್ತೆ. ಹದವಾಗಿ ಕಾಯಿಸಿದ್ರೇನೇ ಅದು ಗ್ಯಾಸು ಉಳಿಸೋದು. ಮನೆ ಬೆಚ್ಚಗಿರುತ್ತೆ, ಅದಕ್ಕೆ ನಾನು ಜವಾಬ್ದಾರಿ. ಕಾಳಿನ ಮಾತು ಕೊಡಲಾರೆ."

"ಸಾಧಾರಣದ್ದು?"

"ಅದನ್ನ ಜೋರಾಗಿ ಉರಿಸ್ಬಹುದು. ಆದ್ರೆ ಹೊಗೆ ಜೊತೆ ಬಿಸಿ ಹೋಗ್ತಾನೇ ಇರುತ್ತೆ, ಚಳಿಗಾಲ ಪೂರ್ತಿ ಗ್ಯಾಸು ಸುರೀಬೇಕು."

"ಇವ್ರ ಎದೆಗೆ ಯಾವುದು ಒಳ್ಳೇದು?"

"ಕಂಡೆನ್ಸಿಂಗೇ. ಅದು ಹೊರಗಿನ ಗಾಳೀನೇ ಎಳ್ಕೊಂಡು ಹೊರಗೇ ಬಿಡುತ್ತೆ. ಒಳಗಿನ ಗಾಳಿ ಮುಟ್ಟಲ್ಲ."

ಅಜ್ಜಿ ಮೂಲೆಯನ್ನು ನೋಡಿದರು. "ಹಾಗಾದ್ರೆ ಅದೇ ಹಾಕು."

"ನೆಲಾನೂ ಒಡೆದು ಹೊಸ ಕೊಳವೆ ಒಂದೇ ಅಂತರದಲ್ಲಿ ಹಾಸಿದ್ರೆ ಇನ್ನೂ—"

"ಆ ಮೂಲೆಗೆ ಸುತ್ತಿಗೆ ತಾಗಿಸಿದ್ರೆ ನಿನ್ನ ತಲೆಗೂ ತಾಗುತ್ತೆ ತಾಕ್."

ನೆಲ ಒಡೆಯುವುದಿಲ್ಲವೆಂದರೆ ಹಳೇ ಕೊಳವೆ ಎಲ್ಲಿಂದೆಲ್ಲಿಗೆ ಹೋಗಿದೆ ಎಂದು ತಿಳಿಯಬೇಕು. ತಾಕ್ ಬಟ್ಟೆಯನ್ನು ನೀರಲ್ಲಿ ಅದ್ದಿ, ಕೋಣೆಯ ನೆಲವನ್ನೆಲ್ಲ ಸಮನಾಗಿ ಒರೆಸಿ, ಗೋಡೆಗೊರಗಿ ಕೂತರು. ಕೊಳವೆ ಇರುವಲ್ಲಿ ನೆಲ ಬೇಗ ಒಣಗುತ್ತದೆ. ಒಂದೊಂದಾಗಿ ಒಣ ಗೆರೆಗಳು ಮೂಡತೊಡಗಿದವು. ಮೊದಲು ಬಾಗಿಲ ಬಳಿ, ಆಮೇಲೆ ನಡುವೆ, ಗೇಣು ಗೇಣು ಅಂತರದಲ್ಲಿ ನೆಟ್ಟಗೆ. ಬುಟ್ಟಿ ಸರಿಸಿ ಒರೆಸಿದ್ದ ಮೂಲೆಯಲ್ಲಿ ಮಾತ್ರ ಗೆರೆಯೇ ಇಲ್ಲ. ಹಾವು ಸಿಂಬಿ ಸುತ್ತಿದ ಹಾಗೆ ಒಂದು ದೊಡ್ಡ ಒಣ ವೃತ್ತ.

"ಇಲ್ಲಿ ಕೊಳವೆ ಸುತ್ತಿಟ್ಟಿದ್ದೀರಲ್ಲ ಅಣ್ಣಾ. ಹಾಕೋವಾಗ ಕುಡಿದಿದ್ರಾ?"

ಅಜ್ಜ ಸಿಲಿಂಡರಿನ ಮುಚ್ಚಳ ಪರೀಕ್ಷಿಸತೊಡಗಿದರು. "ಅಳತೆ ತಪ್ಪಿ ಕೊಳವೆ ಜಾಸ್ತಿ ತಂದಿದ್ದೆ. ವಾಪಸ್ ಕೊಡೋಕೆ ನಾಚಿಕೆ ಆಯ್ತು. ಉಳಿದದ್ದು ಇವಳ ಕಣ್ಣಿಗೆ ಬಿದ್ರೆ ಬೈತಾಳೆ ಅಂತ ಮೂಲೇಲಿ ಸುತ್ತಿ ಮೇಲೆ ಸಿಮೆಂಟು ಎಳೆದುಬಿಟ್ಟೆ."

ಅಜ್ಜಿ ಆ ವೃತ್ತವನ್ನು ನೋಡಿದರು, ಗಂಡನನ್ನು ನೋಡಿದರು.

"ಹಾಗಾದ್ರೆ ಇಷ್ಟು ವರ್ಷ ನಾನು ಯಾರಿಗೆ ಕೈ ಉಜ್ಜಿದೆ?"

"ನನ್ನ ದಡ್ಡತನಕ್ಕೆ," ಅಂದರು ಅಜ್ಜ, ಬಹಳ ಸಣ್ಣ ದನಿಯಲ್ಲಿ.

ಅಜ್ಜಿ ನಕ್ಕರು. ಆ ನಗು ಶುರುವಾದದ್ದು ತಡವಾಗಿ, ನಿಂತದ್ದೂ ತಡವಾಗಿ; ಕಣ್ಣೊರೆಸಿಕೊಂಡು ಎದ್ದು ಅಡುಗೆಮನೆಗೆ ಹೋದರು. ಆ ಮಧ್ಯಾಹ್ನ ಮೊದಲ ಬಟ್ಟಲು ಅಜ್ಜನ ಮುಂದೆ ಬಂತು. "ಇಷ್ಟು ವರ್ಷ ಅಲ್ಲಿಗಿಡ್ತಿದ್ದೆ," ಅಂದರು ಅಜ್ಜಿ. "ವಿಳಾಸ ತಪ್ಪಿತ್ತು."

ನವೆಂಬರ್ ಕೊನೆಗೆ ಕೆಲಸ ಶುರುವಾಯಿತು. ಹಳೇ ಬೆಂಕಿ ಆರಿಸಲು ತಾಕ್ ಬಕೆಟ್ಟು ನೀರು ತಂದರೆ ಅಜ್ಜಿ ಅಡ್ಡ ನಿಂತರು. ನೀರು ಹಾಕಬೇಡ, ತಾನಾಗೇ ಉರಿದು ಮುಗಿಯಲಿ ಅಂದರು. ಕೊನೆಯ ಬಿಲ್ಲೆ ಬೂದಿಯಾಗುವವರೆಗೆ ಕೆಲಸ ನಿಂತಿತು. ಸಂಬಳ ಕೊಡುವವರೇ ಪಕ್ಕದಲ್ಲಿ ಕೂತು ಸುಟ್ಟ ಗೆಣಸು ತಿನ್ನುವಾಗ ನನಗೇನು ಅವಸರ? ಅಜ್ಜಿ ಕೆಂಪುಕಾಳಿನ ಅಕ್ಕಿಕಡುಬು ಮಾಡಿ ತಟ್ಟೆಯನ್ನು ಹಳೇ ಬಾಯ್ಲರಿನ ಮುಂದಿಟ್ಟರು. ಅಂಗೈ ಉಜ್ಜುತ್ತಾ, ಪಕ್ಕದ ಮನೆಯವರನ್ನು ಮಾತಾಡಿಸುವಷ್ಟೇ ಸಲೀಸಾಗಿ ಮಾತಾಡಿದರು.

"ಒಂದಿನಾನೂ ನಂಗೆ ಕೈಕೊಡ್ಲಿಲ್ಲ ನೀನು. ನನ್ನ ಮಗಳನ್ನ ಓದಿಸ್ದೆ. ಇವ್ರ ಎದೆಗೆ ನೀನೂ ಸ್ವಲ್ಪ ಮಾಡಿದ್ದೀಯ, ಅದನ್ನ ಇವತ್ತು ಎತ್ತಾಡಲ್ಲ. ಉಪಕಾರ ಆಯ್ತು. ಹೋಗಿ ಬಾ."

"ಹೋಗು ಅನ್ನು ಸಾಕು," ಅಂದರು ಅಜ್ಜ ಅಂಗಳದಿಂದ. "ಬರೋದು ಬೇಡ."

ಹೊಸ ಬಾಯ್ಲರು ಹಿಂಬದಿಯ ಗೂಡಿನ ಗೋಡೆಗೆ ಏರಿತು. ಹೊಗೆ ಕೊಳವೆಯನ್ನು ತಾಕ್ ಒಳಮುಖವಾಗಿ ಕೊಂಚ ಇಳಿಜಾರು ಬಿಟ್ಟು ಕೂರಿಸಿದರು, ಹೊಗೆ ತಣಿದು ನೀರಾದದ್ದು ಬಾಯ್ಲರಿಗೇ ಮರಳಿ ಅಲ್ಲಿಂದ ಸಣ್ಣ ನಳಿಗೆಯಲ್ಲಿ ಕೆಳಗಿಳಿಯಲಿ ಎಂದು. ಗೂಡಿನಲ್ಲಿ ಬಚ್ಚಲ ಕಂಡಿ ಇರಲಿಲ್ಲ. ಅಂಗಳದ ಚರಂಡಿಯವರೆಗೆ ಹೆಪ್ಪುಗಟ್ಟಿದ ನೆಲ ಅಗೆದವನು ನಾನು. ನಳಿಗೆಯಲ್ಲಿ ಹನಿ ತೊಟ್ಟಿಕ್ಕಿದ್ದು ಕಂಡು ಅಜ್ಜಿ ಪಾತ್ರೆ ಹಿಡಿದು ಓಡಿ ಬಂದರು, ಈರುಳ್ಳಿ ಮಡಿಗೆ ಆಗುತ್ತದೆ ಅಂತ.

"ಬೇಡ ಅತ್ತಿಗೆ, ಅದು ಹುಳಿನೀರು. ಈರುಳ್ಳಿ ಸಾಯುತ್ತೆ."

"ತೊಂಬತ್ತೆರಡು ಅಂಕ ತಗೊಂಡು ಕೊಡೋದು ಹುಳಿನೀರಾ?"

ಅಡುಗೆಮನೆಯ ಸಿಂಕಿನ ಕೆಳಗೆ ಕೊಳವೆಗಳೆಲ್ಲ ಕೂಡುವ ಕಡೆ ತಾಕ್ ನೀರು ಹೆಚ್ಚುಕಮ್ಮಿ ಮಾಡುವ ನಾಲ್ಕು ತಿರುಪು ಇಟ್ಟರು, ಅದರಲ್ಲಿ ಒಂದು ಬರೀ ಆ ಮೂಲೆಗೆ. ನನ್ನ ಪಾಲಿಗೆ ಬಂದದ್ದು ಗೋಡೆಯ ಮೇಲಿನ ಗುಂಡಿಗಳನ್ನು ಹೇಳಿಕೊಡುವ ಕೆಲಸ. ಅಜ್ಜಿ ಕೇಳಲಿಲ್ಲ, ಅಜ್ಜ ಶ್ರದ್ಧೆಯಿಂದ ಕೇಳಿದರು. ಬಾಗಿಲಿಂದಾಚೆ ನಡೆದು ಹೋಗುತ್ತಿರುವ ಮನುಷ್ಯನ ಚಿತ್ರವಿರುವ ಗುಂಡಿಯೊಂದಿದೆ. ಅದನ್ನು ನಾನು ಬಹಳ ಹೆಮ್ಮೆಯಿಂದ ವಿವರಿಸಿದೆ: "ಮನೇಲಿ ಯಾರೂ ಇಲ್ಲದಾಗ ಇದನ್ನೊತ್ತಿ ಅಜ್ಜಾ. ಸುಮ್ನೆ ಉರಿಯಲ್ಲ." ಅಜ್ಜ ಎರಡು ಸಲ ಒತ್ತಿ ಅಭ್ಯಾಸ ಮಾಡಿದರು. ಆ ರಾತ್ರಿಯಿಂದ ಅವರು ಮನೆಯಲ್ಲೇ ಮಲಗಿದರು.

ಎರಡು ವಾರದ ಮೇಲೆ ಫೋನು ಬಂತು. ಅಜ್ಜಿಯ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅದಕ್ಕೇ ನಾನು ಹೆದರಿದ್ದು.

"ತಮ್ಮಾ, ನಿನ್ನ ತೊಂಬತ್ತೆರಡನ್ನ ಬಂದು ತಗೊಂಡು ಹೋಗು."

ಹೊಸ ಬಾಯ್ಲರು ಬಂದ ಮೇಲಿಟ್ಟ ಮೊದಲ ಬುಟ್ಟಿ ಏಳಲಿಲ್ಲ. ಬಟ್ಟೆ ಬಿಚ್ಚಿದರೆ ಹುಳಿ ನಾತ, ತಣ್ಣನೆ ಕಾಳು. ಸೌಟು ಹಾಕಿ ಎತ್ತಿದರೆ ಒಂದೆಳೆ ನೂಲಿಲ್ಲ. ಅಜ್ಜಿ ಮೂರು ಅಂಗಡಿಗಳಿಗೂ ಈ ವಾರ ಇಲ್ಲ ಎಂದು ಹೇಳಿ ಕಳಿಸಿದ್ದರು. ಅತ್ತೆ ತೀರಿಕೊಂಡ ವಾರ ಬಿಟ್ಟರೆ ಆ ಮಾತು ಅವರ ಬಾಯಿಂದ ಬಂದದ್ದೇ ಇಲ್ಲವಂತೆ. ನಾವು ಹೋದಾಗ ಅವರು ಖಾಲಿ ಬುಟ್ಟಿ ತೊಳೆದು ಬಿಸಿಲಿಗೆ ಕವುಚಿಟ್ಟು, ಅದರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಿದ್ದರು. ಯಾವ ಕೆಲಸವೂ ಇಲ್ಲದೆ ಅವರು ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಕೆಟ್ಟದ್ದೇನಿಲ್ಲ ತಾಕ್," ಅಂದರು. "ನಿನ್ನ ಬಾಯ್ಲರು ಇವ್ರನ್ನ ಮನೆಗೆ ಕರ್ಕೊಂಡು ಬಂತು. ಅದಕ್ಕೆ ನಿನ್ನ ಉಪಕಾರ ಸಾಯೋತನಕ ಮರೆಯಲ್ಲ. ಬುಟ್ಟಿ ಇಷ್ಟು ದಿನ ನಡೀತು, ಸಾಕು ಅಂದ್ಕೋತೀನಿ."

ತಾಕ್ ಒಳಗೆ ಹೋಗಿ ಸಿಂಕಿನ ಕೆಳಗೆ ತಲೆ ತೂರಿಸಿದರು. ತಿರುಪು ಸರಿಯಿತ್ತು. ನೀರು ಹರಿಯುತ್ತಿತ್ತು. ಮೂಲೆ ಮುಟ್ಟಿದರೆ ಚೆನ್ನಾಗಿಯೇ ಬಿಸಿ ಇತ್ತು.

"ಈಗ ಕಾದಿದೆಯಲ್ಲ ಅತ್ತಿಗೆ!"

"ಈಗ ಕಾದಿದೆ. ಬುಧವಾರ ನಾವು ಬಂದಾಗ ನೆಲ ಹೆಣದ ಹಾಗೆ ತಣ್ಣಗಿತ್ತು."

"ಎಲ್ಲಿಂದ ಬಂದ್ರಿ?"

ಮಂಗಳವಾರ ಅಜ್ಜನನ್ನು ಆಸ್ಪತ್ರೆಗೆ ತೋರಿಸಲು ಇಬ್ಬರೂ ಹೋಗಿದ್ದರು. ಹಿಮ ಬಿದ್ದು ಬಸ್ಸು ನಿಂತಿತು. ಆ ದಿನ ಮಗಳ ಮನೆಯಲ್ಲಿ ಉಳಿದು, ಬುಧವಾರ ಮಧ್ಯಾಹ್ನ ಬಂದರಂತೆ. ಇದನ್ನು ಅಜ್ಜಿ ಹೇಳುತ್ತಿರುವಾಗ ಅಜ್ಜ ತಮ್ಮ ಕಾಲುಚೀಲದ ಹೊಲಿಗೆಯನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದರು. ನನ್ನ ಕಣ್ಣು ಗೋಡೆಯ ಗುಂಡಿಗಳ ಕಡೆ ಹೋಯಿತು, ಅಲ್ಲಿಂದ ಅಜ್ಜನ ಕಡೆ. ಅಜ್ಜನೂ ನನ್ನ ಕಡೆ ನೋಡಿದರು. ಇಬ್ಬರು ಕಳ್ಳರಿಗೆ ಒಬ್ಬರ ಮುಖ ಒಬ್ಬರಿಗೆ ತಿಳಿಯದೆ ಇರುತ್ತದೆಯೇ?

"ಅಜ್ಜಾ," ಅಂದೆ, "ಹೋಗೋವಾಗ ಆ ನಡ್ಕೊಂಡು ಹೋಗೋ ಮನುಷ್ಯನ್ನ..."

"ನೀನೇ ಹೇಳಿದ್ದು!"

"ಏನ್ರೀ ಅದು?" ಅಜ್ಜಿ ಎದ್ದು ಬಂದರು.

"ಮನೇಲಿ ಯಾರೂ ಇಲ್ಲದಾಗ ಒತ್ತು ಅಂತ ಈ ಹುಡುಗನೇ ಹೇಳಿದ್ದ ಕಣೇ. ಬಾಯ್ಲರು ನಿದ್ದೆ ಹೋಗುತ್ತೆ, ಗ್ಯಾಸು ಉಳಿಯುತ್ತೆ ಅಂತ. ಒತ್ತಿ ಹೋದೆ. ಬಂದ ತಕ್ಷಣ ತಿರುಗಿ ಒತ್ತಿದೆ."

"ಒಂದು ದಿನ ಪೂರ್ತಿ!"

"ಮನೇಲಿ ಯಾರೂ ಇರ್ಲಿಲ್ವಲ್ಲೇ."

"ಕಾಳಿತ್ತಲ್ರೀ ಮನೇಲಿ!"

ಇಡೀ ಓಣಿಗೆ ಕೇಳಿರಬೇಕು. ಆಮೇಲೆ ಬಂದ ಬೈಗುಳ ಮೂರು ಪಾಲಾಯಿತು: ದೊಡ್ಡ ಪಾಲು ಅಜ್ಜನಿಗೆ, ನಡುವಿನದು ನನಗೆ, ನನ್ನಂಥವನನ್ನು ಕೆಲಸಕ್ಕಿಟ್ಟುಕೊಂಡದ್ದಕ್ಕೆ ಚೂರುಪಾರು ತಾಕ್‌ಗೆ. ಅಷ್ಟು ಸುಖವಾದ ಬೈಗುಳವನ್ನು ನಾನು ಹಿಂದೆಂದೂ ತಿಂದಿಲ್ಲ. ಯಾಕೆಂದರೆ ಬೈಯುತ್ತಲೇ ಅಜ್ಜಿ ಹೊಸ ಕಾಳು ಅಳೆದು ನೀರಿಗೆ ಹಾಕುತ್ತಿದ್ದರು.

ಎರಡನೇ ಬುಟ್ಟಿಗೆ ತಾಕ್ ಮೂಲೆಯ ತಿರುಪನ್ನು ಪೂರ್ತಿ ತೆಗೆದು, ಉಳಿದ ಮೂರನ್ನು ಅರ್ಧಕ್ಕೆ ಮುಚ್ಚಿದರು. ನೀರಿನ ಬಿಸಿಯನ್ನು ಮೂರು ದಿನದ ಮಟ್ಟಿಗೆ ಸ್ವಲ್ಪ ಏರಿಸಿದರು. ನಡೆದು ಹೋಗುವ ಮನುಷ್ಯನ ಮೇಲೆ ಅಜ್ಜಿ ಅಂಟುಪಟ್ಟಿ ಅಂಟಿಸಿದರು. ಅಜ್ಜ ಕಾವಲಿಗೆ ಕೂತರು. ಮೂಗಿನಲ್ಲಿ ಕೊಳವೆ, ಒಂದು ಕೈ ರಜಾಯಿಯ ಕೆಳಗೆ; ಗಳಿಗೆಗೊಮ್ಮೆ "ಬೆಚ್ಚಗಿದೆ ಕಣೇ" ಅನ್ನುವುದು. "ಕೈ ತೆಗೀರಿ, ಗಾಳಿ ಹೋಗುತ್ತೆ" ಎಂದು ಅಜ್ಜಿ ಅನ್ನುವುದು. ಎರಡನೇ ದಿನ ಆ ಕಾಲುಚೀಲದ ವಾಸನೆ ಸಣ್ಣಗೆ ಶುರುವಾಯಿತಂತೆ. ಅಜ್ಜಿ ನೆಲದ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕೂತಿದ್ದರಂತೆ. ಇದು ಅಜ್ಜ ಹೇಳಿದ್ದು.

ಮೂರನೇ ದಿನ ಮಧ್ಯಾಹ್ನ ನಮ್ಮಿಬ್ಬರಿಗೂ ಊಟಕ್ಕೆ ಕರೆ ಬಂತು. ನಮ್ಮೆದುರಿಗೇ ಅಜ್ಜಿ ಬಟ್ಟೆ ಬಿಚ್ಚಿದರು. ಸೌಟು ಹಾಕಿ ಎತ್ತಿದರು. ಕಾಳಿನಿಂದ ಕಾಳಿಗೆ ಬಿಳಿ ನೂಲು, ಸೌಟು ಮೇಲೇರಿದಷ್ಟೂ ಉದ್ದಕ್ಕೆ, ಕಿಟಕಿಯ ಬೆಳಕಿನಲ್ಲಿ ಮಿರಮಿರ ಮಿಂಚುತ್ತ. ತಾಕ್ ಕಣ್ಣು ಬೇರೆಡೆ ತಿರುಗಿಸಿದರು. ಅಜ್ಜ ಚಪ್ಪಾಳೆ ತಟ್ಟಲು ಹೋಗಿ ಕೆಮ್ಮಿದರು. ನಾನು, ಹೇಳುವುದಕ್ಕೇನು ನಾಚಿಕೆ, ಇನ್ನೊಂದು ಸಲ ಅಡ್ಡಬೀಳಲೂ ತಯಾರಿದ್ದೆ.

ಸಾರು ಕುದಿಯುತ್ತಲೇ ಚಾಪೆಯ ಮೇಲಿನ ಪುಟ್ಟ ಮೇಜಿಗೆ ಬಂತು. ಜೊತೆಗೆ ಹುಳಿಖಾರದ ಮೂಲಂಗಿ ಕಿಮ್ಚಿ, ಬಿಸಿ ಅನ್ನ. ಅಜ್ಜಿ ತಾಕ್‌ಗೆ ಬಡಿಸುತ್ತಾ, "ಒಡಹುಟ್ಟಿದವ್ರೂ ಇಷ್ಟು ಮಾಡಲ್ಲ ತಾಕ್," ಅಂದರು. ನನ್ನ ಕಡೆಗೂ ತಿರುಗಿದರು. "ನೀನೂನು. ಗುಂಡಿ ಹೇಳ್ಕೊಟ್ಟು ಕೆಡಿಸಿದ್ದೂ ನೀನೇ, ಕಂಡುಹಿಡಿದವ್ನೂ ನೀನೇ. ಜಾಸ್ತಿ ತಿನ್ನು." ಬಾಡಿಗೆ ಕೋಣೆಯಲ್ಲಿ ಪೊಟ್ಟಣದ ಶ್ಯಾವಿಗೆ ಬೇಯಿಸಿಕೊಂಡು ತಿನ್ನುವವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಡ. ಮೂರು ಬಟ್ಟಲು ತಿಂದೆ. ಅಡಿಯಿಂದ ನೆಲ ಬೆಚ್ಚಗೆ, ಒಳಗಿಂದ ಹೊಟ್ಟೆ ಬೆಚ್ಚಗೆ, ಅಜ್ಜನ ಉಸಿರು ಅವತ್ತು ಹಗುರಾಗಿ ಬಂದು ಹೋಗುತ್ತಿತ್ತು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಬೆಳಗ್ಗೆ ಅಂಗಡಿಯ ಕಡತ ಜೋಡಿಸುವಾಗ ಅಜ್ಜಿಯ ಹೆಸರಿನ ಹಳೇ ಕಾಗದ ಕಣ್ಣಿಗೆ ಬಿದ್ದಿತ್ತು. ಹೊಟ್ಟೆ ತುಂಬಿದರೆ ನನಗೆ ಬಾಯಿ ನಿಲ್ಲುವುದಿಲ್ಲ.

"ಅಜ್ಜಿ, ಒಂದು ಮಾತು ಕೇಳ್ಲಾ? ಗ್ಯಾಸಿನ ಕೊಳವೆ ಈ ಓಣಿಗೆ ಮೂರು ವರ್ಷದ ಹಿಂದೇನೇ ಬಂದಿತ್ತಲ್ಲ. ನೀವು ಎರಡು ಸಲ ಅರ್ಜಿ ಹಾಕಿ, ಎರಡು ಸಲಾನೂ ವಾಪಸ್ ತಗೊಂಡಿದ್ದೀರಿ. ಅಜ್ಜನಿಗೆ ಆಗ್ಲೇ ಅಷ್ಟು ಕೆಮ್ಮಿತ್ತು. ಯಾಕಜ್ಜಿ?"

ತಾಕ್ ಮೇಜಿನಡಿ ನನ್ನ ಕಾಲಿಗೆ ಒದ್ದರು. ಅಜ್ಜ ತಮ್ಮ ಬಟ್ಟಲನ್ನೇ ನೋಡುತ್ತ ಕೂತರು. ಅಜ್ಜಿಯ ಕೈ ಮಾತ್ರ ನಿಲ್ಲಲಿಲ್ಲ. ಗಂಡನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದರು.

"ಇವ್ರ ಎದೆ ಆಗ್ಲೇ ಕೆಟ್ಟಿತ್ತು," ಅಂದರು. "ಉಳಿಸ್ಕೊಳ್ಳೋಕೆ ಬಾಕಿ ಇದ್ದದ್ದು ಕಾಳು, ಅದಿನ್ನೂ ಕೆಟ್ಟಿರ್ಲಿಲ್ಲ."